ಕಾಕು ನೋಡಿದ ಹವಳ

ಮೊನ್ನೆ ನರಗುಂದ ಪೇಟೆಯಲ್ಲಿ ಮಗಳ ತಾಳಿಗೆ ಹವಳ ಆರಿಸುತ್ತಿದ್ದೆ. ಅಂಗಡಿಯವನು ಕೆಂಪು ಮಣಿಗಳನ್ನು ಅಂಗೈಗೆ ಸುರುವಿದ. ಬಾಜೂ ಮನೆಯ ಕಾಕು ನೆನಪಾದಳು… ದಿನಾ ಬೆಳಗ್ಗೆ ತಾಳಿಯ ಹವಳಕ್ಕೆ ಕುಂಕುಮ ಹಚ್ಚಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವಳು.

ಅವಳ ಗಂಡ, ನಮ್ಮ ಕಾಕಾ, ಕೊಂಕಣದ ಒಂದು ಕೊಲ್ಲಿಯಲ್ಲಿ ದೋಣಿ ನಿಲ್ಲುವ ಧಕ್ಕೆ ಕಟ್ಟುವ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಅಲ್ಲಿ ನೀರೊಳಗೆ ಹವಳ ಬೆಳೆಯುತ್ತದೆ ಎಂದು ಓಣಿಗೆಲ್ಲ ಹೇಳಿದವರು ಅವರೇ. “ಕೊಲ್ಲಿ ಒಂದ, ಆದ್ರ ಹವಳ ಎಲ್ಲಾ ಕಡೆ ಒಂದ ನಮೂನಿ ಇಲ್ರಿ. ಹಳ್ಳ ಬಂದು ಕೂಡೂ ಕಡೆ ರಾಡಿ ಕುಂತು ಸತ್ತಾವ. ಸಮುದ್ರದ ಬಾಯಿ ಕಡೆ ನೀರು ತಿಳಿ ಐತಿ, ಅಲ್ಲಿ ಏನ್ ಬಣ್ಣ ಅಂತೀರಿ. ನಮ್ಮ ಕಾಲವಿ ಹೊಲ ಇದ್ದಾಂಗ, ಒಂದ ಹೊಲದಾಗ ಈ ಕಡೆ ಉಪ್ಪು ಎದ್ದು ಸವಳು, ಆ ಕಡೆ ಬೆಳಿ.”

ತನ್ನ ತಾಳಿಯ ಹವಳ ಅಲ್ಲಿಯದೇ ಎಂದು ಕಾಕು ನಂಬಿಬಿಟ್ಟಳು. ಅದು ಬೇರೆ ಜಾತಿಯದು ಎಂದು ಕಾಕಾ ಹೇಳಿದರೂ ಕೇಳುವ ಪೈಕಿಯಲ್ಲ. ಸಕ್ಕರೆ ಬೇನೆಯಿಂದ ಅವಳ ಕಣ್ಣು ಮಂಜಾಗುತ್ತಿದ್ದವು. ಪೂರ್ತಿ ಹೋಗುತ್ತವೆ ಎಂದು ದವಾಖಾನೆಯಲ್ಲಿ ಹೇಳಿದ್ದರು. “ಕಣ್ಣ ಇರೂತನಕ ಒಮ್ಮೆ ಜೀವಂತ ಹವಳ ತೋರಸ್ರಿ” ಎಂದು ಗಂಟುಬಿದ್ದಳು. ಕಾಕಾ ಕಡಲೆ ರಾಶಿ ಆಗಲಿ ಎಂದರು, ಆಮೇಲೆ ಮತ್ತೊಂದು ನೆವ… ಕೊನೆಗೆ ಬಿರುಬೇಸಿಗೆಯಲ್ಲಿ ಹೊರಟರು. ಕಾಕುವಿನ ಕೈಹಿಡಿದು ನಡೆಸಲು ನಾನೂ ಹೋದೆ.

ತಳಕ್ಕೆ ಗಾಜು ಕೂಡಿಸಿದ ದೋಣಿ. ಸಮುದ್ರದ ಬಾಯಿಯ ಕಡೆಗೇ ಒಯ್ದರು. ಆ ವರ್ಷದ ಬಿಸಿಲಿಗೆ ನೀರು ಕಾದು, ಅಲ್ಲಿಯ ಹವಳವೂ ಸುಣ್ಣದಂತೆ ಬಿಳಿಚಿಕೊಂಡಿತ್ತು. ದೋಣಿಯವನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಅವನ ಮೊಣಕಾಲು ಅದುಮಿದರು. ಕಾಕು ಗಾಜಿಗೆ ಮುಖ ಹಚ್ಚಿ ಕೇಳಿದಳು, “ಕೆಂಪಗ ಅದಾವೇನ್ರಿ?”

“ಹೂಂ. ನಿನ್ನ ತಾಳ್ಯಾಗಿನಂಥಾವ. ನೋಡಾಕ ಎರಡು ಕಣ್ಣ ಸಾಲೂದಿಲ್ಲ” ಎಂದರು ಕಾಕಾ.

ನಾನು ಮುಖ ತಿರುಗಿಸಿದೆ. ಮರಳುವಾಗ ಬಸ್ಸಿನಲ್ಲಿ ಕಾಕಾಗೆ ನಿದ್ದೆ ಹತ್ತಿದ ಮೇಲೆ ಕಾಕು ನನ್ನ ಕಿವಿಯಲ್ಲಿ ಅಂದಳು, “ಬೆಳ್ಳಗಿದ್ದದ್ದು ನನಗೂ ಕಂಡ್ತವಾ. ಅವ್ರಿಗೆ ಹೇಳಬ್ಯಾಡ, ಭಾಳ ಮನಸಿಗೆ ಹಚಗೋತಾರ.”

ಆಮೇಲೆ ಇರುವತನಕ ಓಣಿಯ ಹೆಂಗಸರಿಗೆ ಕೆಂಪು ಹವಳದ ಸುದ್ದಿ ಹೇಳಿದಳು, ಕಾಕಾ ಪಕ್ಕದಲ್ಲಿದ್ದರೆ ಇನ್ನಷ್ಟು ಬಣ್ಣ ಕಟ್ಟಿ. ಅವಳು ತೀರಿಕೊಂಡ ದಿನ ಕಾಕಾ ನನ್ನನ್ನು ಕೇಳಿದ್ದು ಒಂದೇ ಮಾತು: “ಆಕಿಗೆ ಗೊತ್ತಾಗಲಿಲ್ಲ, ಹೌದಿಲ್ಲವಾ?”

“ಇಲ್ರಿ ಕಾಕಾ” ಅಂದೆ.

ಈಗ ಕಾಕಾನೂ ಇಲ್ಲ. ಆ ಬಿಳಿ ಹವಳ ಕಂಡವಳು ಓಣಿಯಲ್ಲಿ ನಾನೊಬ್ಬಳೇ ಉಳಿದೆ. ಯಾರಾದರೂ ಕೇಳಿದರೆ ಕೆಂಪಗಿತ್ತು ಅನ್ನುತ್ತೇನೆ.