ಕೊಬ್ಬರಿ ತಿಂದು ಕೆಟ್ಟ ಗಂಡುಹಂದಿ

ತಿಪಟೂರು ಸೀಮೆಗೆಲ್ಲ ಹಂದಿ ಸಾಕುವುದನ್ನು ಕಲಿಸಿದವನೇ ನಾನು, ಅದೂ ಚಡ್ಡಿ ಹಾಕುವ ವಯಸ್ಸಿನಲ್ಲಿ! ಇವತ್ತು ಗಾಣದ ಮುಂದೆ ಕೊಬ್ಬರಿ ಹಿಂಡಿಯ ವಾಸನೆ ಬಡಿದು, ಹಸು ಮಾರಿ ಅಪ್ಪ ತಂದಿದ್ದ ಬಿಳಿ ಗಂಡುಹಂದಿ ನೆನಪಾಯಿತು. ಯಾರದಾದರೂ ಹೆಣ್ಣುಹಂದಿಗೆ ಬಿಟ್ಟರೆ, ಅದು ಈದ ಮೇಲೆ ನಮಗೊಂದು ಮರಿ ಕೊಡಬೇಕೆಂಬ ಕರಾರು. ಶಕ್ತಿ ಬರಲೆಂದು ಅಪ್ಪ ದಿನವೂ ಕೊಬ್ಬರಿ ತಿನ್ನಿಸಿದ. ಶೆಟ್ಟಿಕೆರೆಯವನೊಬ್ಬ ಹೆಣ್ಣುಹಂದಿ ತಂದ ದಿನ, ಕೊಬ್ಬಿದ ನಮ್ಮದು ಮೇಲೇಳಲಾರದೆ ಮಲಗೇ ಇತ್ತು.

“ಇದೇನಣ್ಣ, ಬೀಜದ ಹಂದಿನೋ, ಬೀಗರೂಟ ಉಂಡ್ ಬಂದಿರೋ ಬೀಗನೋ?” ಎಂದು ಆತ ನಕ್ಕ.

“ಒಂದ್ ವಾರ ಬುಡಪ್ಪ, ಮೈ ಇಳಿಸ್ತೀನಿ,” ಎಂದ ಅಪ್ಪ.

ಸುದ್ದಿ ಹಬ್ಬಿ ಮತ್ತೆ ಯಾರೂ ಬರಲಿಲ್ಲ. ಹಂದಿಯನ್ನು ಮಾಂಸದವನಿಗೆ ಮಾರಬೇಕಾಯಿತು. ಲಾಭವಾಯಿತೆಂದೇ ಇಷ್ಟು ವರ್ಷ ಕೊಚ್ಚಿಕೊಂಡೆ. ಈಗ ಆ ಸುಳ್ಳೂ ಸಾಕಾಗಿದೆ. ಹಸುವಿನ ದುಡ್ಡಲ್ಲಿ ಎರಡು ಸಾವಿರದ ಮುನ್ನೂರು ರೂಪಾಯಿ ಮಣ್ಣಾಯಿತು.