ಮೈಕ್ ಸೆಟ್ಟಿನ ಮಾನ

ಹೊರದೇಶದಲ್ಲಿ ಹಸು ಸಾಕುವ ರೈತನೊಬ್ಬನ ಹೊಲದಲ್ಲಿ ಲಕ್ಷಾಂತರ ಜನ ಸೇರಿ, ಮಳೆ ಕೆಸರು ಲೆಕ್ಕಿಸದೆ ರಾಕ್ ಸಂಗೀತ ಕೇಳಿದ್ದರಂತೆ. ತೊಂಬತ್ತರ ದಶಕದಲ್ಲಿ, ಮೈಸೂರಿನ ಹಾಸ್ಟೆಲ್ಲಿನಲ್ಲಿ ಯಾವುದೋ ಹಳೆಯ ಪತ್ರಿಕೆಯಲ್ಲಿ ಇದನ್ನು ಓದಿದ ಮೇಲೆ ನನ್ನ ಮನಸ್ಸು ನಿಲ್ಲಲಿಲ್ಲ. ಹೊಲಕ್ಕೂ ಹಸುವಿಗೂ ನಮ್ಮ ಪಾಂಡವಪುರ ತಾಲ್ಲೂಕಿನಲ್ಲಿ ಏನು ಕೊರತೆ? ಕ್ಯಾತನಹಳ್ಳಿಯ ಸೋದರಮಾವನ ಗದ್ದೆ ಕಬ್ಬು ಕಡಿದು ಖಾಲಿ ಬಿದ್ದಿತ್ತು. ಹೋಗಿ ಕೇಳಿದೆ.

"ಅಷ್ಟು ಜನ ತುಳ್ದ್ಮೇಲೆ ಆ ರೈತ ಅಸೂಗೆ ಮೇವು ಏನ್ಲಾ ಆಕ್ದ?" ಎಂದರು ಮಾವ. ಪತ್ರಿಕೆಯಲ್ಲಿ ಅದನ್ನು ಬರೆದಿರಲಿಲ್ಲ. ಆದರೂ ಗದ್ದೆ ಕೊಟ್ಟರು.

ಟ್ರಾಕ್ಟರಿನ ಟ್ರೇಲರುಗಳನ್ನು ಜೋಡಿಸಿ ವೇದಿಕೆ ಮಾಡಿದೆವು. ಹಾಸ್ಟೆಲ್ಲಿನ ಗೆಳೆಯರ ತಂಡ ಗಿಟಾರು, ಡ್ರಮ್ಮು ಹೊತ್ತು ಬಸ್ಸಿನಲ್ಲಿ ಬಂತು. ಮೈಕ್ ಸೆಟ್ಟಿಗೆ ಪಾಂಡವಪುರದ ಸಾಬರನ್ನು ಕರೆಸಿದೆ. ಸುತ್ತಮುತ್ತಲಿನ ಮದುವೆ, ನಾಟಕ ಎಲ್ಲದಕ್ಕೂ ಅವರದೇ ಸೆಟ್ಟು. ಅದು ಒಮ್ಮೆಯೂ ಗೊರಗೊರ ಎಂದಿಲ್ಲ ಎಂಬುದು ಅವರ ಹೆಮ್ಮೆ. ಆ ಹೆಸರಿನಿಂದಲೇ ಅವರ ಮನೆ ನಡೆಯುತ್ತಿತ್ತು.

ಬಿಸಿಲಿಳಿಯುತ್ತಲೇ ಜನ ಬಂದರು, ಆರ್ಕೆಸ್ಟ್ರಾ ಎಂದುಕೊಂಡು. ಮುಂದಿನ ಸಾಲಿನಲ್ಲಿ ಶೀಳನೆರೆಯ ಹಿರಿಯ ಗೌಡರೊಬ್ಬರು ಕೂತಿದ್ದರು. ಮಗಳ ಮದುವೆಗೆ ಈ ಸೆಟ್ಟು ಆದೀತೇ ಎಂದು ಕೇಳಿ ನೋಡಲೆಂದೇ ಬಂದವರು.

ಗಿಟಾರಿನವನು ಕಾಲಡಿಯ ಪುಟ್ಟ ಪೆಟ್ಟಿಗೆಯೊಂದನ್ನು ಮೆಟ್ಟಿ ತಂತಿ ಮೀಟಿದ. ರಾಕ್‌ಗೆ ಬೇಕಾದ ಆ ಒಡಕು ದನಿ ಗರ್ರೆಂದು ಹೊರಟಿತು. ಸಾಬರು ಬೆಚ್ಚಿಬಿದ್ದು ಸದ್ದು ತಗ್ಗಿಸಿದರು. ಜೋರು ಮಾಡಿ ಎಂದು ಗಿಟಾರಿನವನು ಸನ್ನೆ ಮಾಡಿದ. ಅವರು ಇನ್ನಷ್ಟು ತಗ್ಗಿಸಿದರು. ಮುಂದಿನ ಹಾಡಿಗೆ ವೇದಿಕೆಯನ್ನೇ ಹತ್ತಿ, ಹಾಡುವವನ ಕಾಲ ಬುಡದಲ್ಲಿ ಕೂತು ವೈರು ಬಿಚ್ಚತೊಡಗಿದರು.

"ಸಾಬ್ರೇ, ಅದು ಇರೋದೇ ಅಂಗೆ, ಬುಡಿ," ಎಂದೆ.

"ಅರೆ ಬೇಟಾ, ಸ್ಪೀಕರ್ ಅರ್ದೋದಂಗೆ ಅರಚ್ತಾ ಅದೆ, ಇರೋದೇ ಅಂಗೆ ಅಂತೀಯಲ್ಲ. ಗೌಡ್ರು ಮುಂದೇನೇ ಕೂತವ್ರೆ. ನಾಳೆಯಿಂದ ನನ್ನ ಯಾರು ಕರೀತಾರೆ?" ಅವರ ಕಣ್ಣು ತುಂಬಿತ್ತು.

ನನಗೆ ನಗು ಬಂತು, ತಡೆದುಕೊಂಡೆ. ಮೈಕು ಹಿಡಿದೆ. "ಸೆಟ್ಟು ಚೆನ್ನಾಗದೆ. ಈ ಗರಗರ ಗಿಟಾರಿಂದು. ಬೇಕಂತ್ಲೇ ಮಾಡ್ತಾವ್ರೆ."

ಒಬ್ಬರೂ ನಂಬಲಿಲ್ಲ. ಬೇಕಂತಲೇ ಯಾರಾದರೂ ಹೀಗೆ ಮಾಡುತ್ತಾರೆಯೇ? ಕೊನೆಗೆ ಗಿಟಾರಿನವನು ಪೆಟ್ಟಿಗೆಯನ್ನು ಮೆಟ್ಟಿ ಒಡಕು ನಿಲ್ಲಿಸಿ ಮೀಟಿದ. ದನಿ ಗಂಟೆ ಹೊಡೆದಂತೆ ಸ್ವಚ್ಛ. ಮತ್ತೆ ಮೆಟ್ಟಿದ. ಗರ್ರ್.

ಗೌಡರು ಎದ್ದು ನಿಂತರು. "ಸೆಟ್ಟು ಸರಿಯಾಗೇ ಅದೆ ಕಣಪ್ಪ. ಕೆಟ್ಟಿರೋದು ಈ ಐಕ್ಳು."

ಮಗಳ ಮದುವೆಗೆ ಸೆಟ್ಟನ್ನು ಅಲ್ಲೇ ಗೊತ್ತು ಮಾಡಿಬಿಟ್ಟರು. ಜನರೆಲ್ಲ ಚಪ್ಪಾಳೆ ತಟ್ಟಿದರು. ನಮ್ಮ ರಾಕ್ ಉತ್ಸವಕ್ಕೆ ಬಿದ್ದ ಮೊದಲ ಚಪ್ಪಾಳೆ ಅದೇ.

ಸಾಬರು ಟವೆಲಿನಿಂದ ಮುಖ ಒರೆಸಿಕೊಂಡು ಸೆಟ್ಟಿನ ಮುಂದೆ ಹೋಗಿ ಕೂತರು. "ತಪ್ಪು ನಂದಲ್ಲ ಅಂದ್ಮೇಲೆ ನಂಗೇನು? ಎಷ್ಟು ಬೇಕಾದ್ರೂ ಕಿರುಚ್ಕೊಳ್ಳಿ," ಎಂದು ಸದ್ದಿನ ತಿರುಪನ್ನು ಕೊನೆಮುಟ್ಟ ತಿರುಗಿಸಿದರು. ಅರ್ಧ ಜನ ಕಿವಿ ಮುಚ್ಚಿಕೊಂಡು ಎದ್ದು ಹೋದರು. ಸಾಬರು ಮಾತ್ರ ಕೊನೆಯ ಹಾಡಿನವರೆಗೂ ನೆಟ್ಟಗೆ ಕೂತಿದ್ದರು, ತಮ್ಮ ಕಡೆ ನೋಡಿದವರಿಗೆಲ್ಲ ಗಿಟಾರನ್ನು ಬೊಟ್ಟುಮಾಡಿ ತೋರಿಸುತ್ತಾ.