ಒಣಗದ ಕಲ್ಲಿಗೆ ಬಳಿಸಿದ ಹೊಳಪು

ಎರ್ನಾಕುಲಂನ ನಮ್ಮ ಬ್ಯಾಂಕ್ ಶಾಖೆಯ ಹಾಲ್‌ಗೆ ಹಾಸಿದ್ದು ಕೋಟಾ ಕಲ್ಲು. ಮಳೆಗಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಒದ್ದೆ ಚಪ್ಪಲಿಗಳು ಅದರ ಮೇಲೆ ಓಡಾಡುತ್ತಿದ್ದವು. ಚಹಾ ಚೆಲ್ಲಿದರೆ ಕಲೆ ಕಲ್ಲಿನೊಳಕ್ಕೇ ಇಳಿದುಬಿಡುತ್ತಿತ್ತು. ಮೈಸೂರಿನಿಂದ ವರ್ಗವಾಗಿ ಬಂದ ಎರಡನೆಯ ವರ್ಷ ಕಟ್ಟಡದ ಉಸ್ತುವಾರಿ ನನ್ನ ಪಾಲಿಗೆ ಬಂತು. ನೆಲ ಉಜ್ಜಿಸಿ ಪಾಲಿಶ್ ಮಾಡಿಸಿ, ಕಲ್ಲು ನೀರನ್ನೂ ಕಲೆಯನ್ನೂ ಹೀರದಂತೆ ಸೀಲರ್ ಬಳಿಸೋಣವೆಂದು ಹೊರಟವಳು ನಾನೇ.

ಕೆಲಸಕ್ಕೆ ಬಂದವರು ಮಟ್ಟಾಂಚೇರಿಯ ಹಿರಿಯ ಕಲ್ಲುಕೆಲಸದವರು. ಎಲ್ಲರಿಗೂ ಅವರು ಇಕ್ಕಾ, ಅಂದರೆ ಅಣ್ಣ. ಶನಿವಾರದ ರಜೆಯಲ್ಲಿ ನೀರು ಹಾಯಿಸಿ ನೆಲ ಉಜ್ಜಿದರು. ಹೊರಡುವ ಮುನ್ನ ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಟೇಪ್ ಹಾಕಿ ಅಂಟಿಸಿದರು. ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು ಅದನ್ನು ಎತ್ತಿ ತೋರಿಸಿದರು. ಒಳಮೈಯಲ್ಲೆಲ್ಲ ಹನಿಗಳು.

"ಕಲ್ಲ್ ಉಣಂಗಿಯಿಟ್ಟಿಲ್ಲ, ಮೇಡಂ. ಒಣಗಿಲ್ಲ, ಒಳಗಿನ್ನೂ ನೀರಿದೆ. ಈಗ ಬಳಿದರೆ ಅದು ಅಲ್ಲೇ ಸಿಕ್ಕಿಕೊಂಡು ಬೆಳ್ಳಗೆ ಮಬ್ಬು ಕಟ್ಟುತ್ತೆ. ನಾಲ್ಕು ದಿನ ಫ್ಯಾನ್ ಹಾಕಿಬಿಡಿ. ಅರ್ಧ ಹಾಲ್‌ಗೆ ಹಗ್ಗ ಕಟ್ಟಿ, ಇನ್ನರ್ಧದಲ್ಲಿ ಬ್ಯಾಂಕ್ ನಡೆಸಿ."

ಆ ವಾರ ರೀಜನಲ್ ಮ್ಯಾನೇಜರ್ ಬರುವವರಿದ್ದರು. ಅವರ ಕಣ್ಣಿಗೆ ಹಗ್ಗವಲ್ಲ, ಹೊಳಪು ಬೀಳಬೇಕೆಂದು ನನ್ನ ಆಸೆ. "ಇವತ್ತೇ ಬಳಿದುಬಿಡಿ, ಇಕ್ಕಾ," ಎಂದೆ. ಅವರು ಹಾಳೆ ಮಡಿಸಿಟ್ಟು ಬಳಿದರು.

ಮ್ಯಾನೇಜರ್ ಬಂದು ಮೆಚ್ಚಿ ಹೋದರು. ಮೂರನೆಯ ವಾರ ಕೌಂಟರಿನ ಮುಂದೆ ಬಿಳಿ ಮಚ್ಚೆಗಳು ಕಾಣಿಸಿಕೊಂಡವು.

ಅವನ್ನು ಮೊದಲು ನೋಡಿದ್ದು ನಮ್ಮಲ್ಲಿ ಗುಡಿಸಿ ಒರೆಸುತ್ತಿದ್ದ ಚೇಚಿ, ಅಂದರೆ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು, ಏಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. "ನನ್ನಿಂದ ಏನಾದರೂ ತಪ್ಪಾಯಿತಾ, ಮೇಡಂ?" ಎಂದು ಕೇಳಿದರು. ಇಲ್ಲ ಎನ್ನುವ ಒಂದು ಮಾತು ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ಚೆನ್ನಾಗಿ ಉಜ್ಜಿ ನೋಡಿ, ಚೇಚಿ."

ವಾರವಿಡೀ ಅವರು ಬ್ಯಾಂಕ್ ತೆರೆಯುವುದಕ್ಕೆ ಮುಂಚೆಯೇ ಬಂದು, ಮಂಡಿಯೂರಿ, ತೆಂಗಿನ ನಾರಿನಿಂದ ಉಜ್ಜಿದರು. ಮಬ್ಬು ಇದ್ದದ್ದು ಸೀಲರಿನ ಪದರದ ಕೆಳಗೆ, ನಾರಿಗೆ ಎಟುಕದ ಕಡೆ. ಅದು ನನಗೆ ಗೊತ್ತಿತ್ತು. ನಾನು ಅವರನ್ನು ದಾಟಿಕೊಂಡು ನನ್ನ ಮೇಜಿಗೆ ಹೋಗುತ್ತಿದ್ದೆ.

ಮುಂದಿನ ತಿಂಗಳು ರೀಜನಲ್ ಮ್ಯಾನೇಜರ್ ಮತ್ತೆ ಬಂದರು. ಧಾರವಾಡದ ಕಡೆಯವರು, ನಾವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು.

"ಏನ್ರೀ ಮೇಡಂ, ಹೊಸಾ ನೆಲ ಹಿಂಗ್ಯಾಕ ಆಗೇತಿ?"

"ಕ್ಲೀನಿಂಗ್‌ನವರು ಆಸಿಡ್ ಹಾಕಿ ಒರೆಸಿದಾರೆ ಸಾರ್. ಎಷ್ಟು ಹೇಳಿದ್ರೂ ಕೇಳಲ್ಲ."

"ಹಂಗಾರ ಬ್ಯಾರೆಯವ್ರನ್ನ ಹಾಕಸ್ರಿ."

ಚೇಚಿ ಎರಡು ಮಾರು ದೂರದಲ್ಲಿ ಬಕೆಟ್ ಹಿಡಿದು ನಿಂತಿದ್ದರು. ಅವರ ಮುಂದೆಯೇ, ಅವರಿಗೆ ತಿಳಿಯದ ಭಾಷೆಯಲ್ಲಿ, ನಾನು ಅವರ ಕೆಲಸ ಕಳೆದೆ. ನಾನು ಆ ಕಡೆ ನೋಡಿದಾಗ, ತಮ್ಮ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದೇವೆ ಎಂದುಕೊಂಡರೋ ಏನೋ, ಸಣ್ಣಗೆ ನಕ್ಕರು. ಸೋಮವಾರ ಕ್ಲೀನಿಂಗ್ ಗುತ್ತಿಗೆದಾರ ಬೇರೊಬ್ಬರನ್ನು ಕಳಿಸಿದ್ದ.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿಕೊಂಡೆ. "ಆ ಮ್ಯಾನೇಜರ್‌ಗೆ ಫೋನ್ ಮಾಡಿ ನಿಜ ಹೇಳ್ಬಿಡೇ," ಎಂದರು. "ಹೇಳ್ತೀನಿ," ಎಂದೆ. ಹಾಗೆ ಎನ್ನುತ್ತಲೇ ನಾಲ್ಕು ತಿಂಗಳು ಕಳೆದೆ. ತಿರುವನಂತಪುರಕ್ಕೆ ವರ್ಗದ ಆದೇಶ ಬಂದ ಮೇಲೆ ನಡೆದದ್ದನ್ನೆಲ್ಲ ಬರೆದು ರೀಜನಲ್ ಮ್ಯಾನೇಜರ್‌ಗೆ ಕಳಿಸಿದೆ. ಓದಿ ಫೋನ್ ಮಾಡಿದವರು, "ಮೊದ್ಲ ಹೇಳಬಾರದಿತ್ತೇನ್ರೀ?" ಎಂದಷ್ಟೇ ಕೇಳಿ ಇಟ್ಟರು.

ಗುತ್ತಿಗೆದಾರನಿಂದ ವಿಳಾಸ ಪಡೆದು ಏಲೂರಿಗೆ ಹೋದೆ. ಎರಡು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಚೇಚಿ ಒಂದು ಕಲ್ಯಾಣಮಂಟಪಕ್ಕೆ ಸೇರಿದ್ದರು. ನನ್ನ ಹರಕು ಮಲಯಾಳದಲ್ಲಿ, ನೆಲ ಕೆಟ್ಟದ್ದು ನನ್ನಿಂದ, ನಾನು ಸುಳ್ಳು ಹೇಳಿದೆ ಎಂದೆ.

"ನೆಲದ ವಿಷಯ ಗೊತ್ತಿತ್ತು, ಮೇಡಂ. ನೀವು ಉಜ್ಜಲು ಹೇಳಿದ ಮಾರನೆಯ ದಿನವೇ ಇಕ್ಕಾನ ಕೇಳಿದೆ. ಇದು ಉಜ್ಜಿದರೆ ಹೋಗುವುದಲ್ಲ ಎಂದರು."

"ಮತ್ಯಾಕೆ ಅಷ್ಟು ದಿನ ಉಜ್ಜಿದಿರಿ?"

"ಮೇಡಂ ಹೇಳಿದರಲ್ಲ."

ಗುತ್ತಿಗೆದಾರ ನಿಮ್ಮನ್ನು ಮತ್ತೆ ಬ್ಯಾಂಕಿಗೇ ಹಾಕಲು ಒಪ್ಪಿದ್ದಾನೆ, ಬನ್ನಿ ಎಂದೆ. ಅವರು ಅಡ್ಡಡ್ಡ ತಲೆಯಾಡಿಸಿದರು. "ಬೇಡ. ಅಲ್ಲಿಯವರು ನನ್ನನ್ನು ಆಸಿಡ್ ಚೇಚಿ ಎನ್ನುತ್ತಾರಂತೆ. ಆ ಬಾಗಿಲು ದಾಟಿ ಬರಲಾರೆ." ನಾನು ತಂದಿದ್ದ ಮೈಸೂರುಪಾಕಿನ ಪೊಟ್ಟಣವನ್ನು ತೆಗೆದುಕೊಂಡರು. ಕೂರಿ ಎನ್ನಲಿಲ್ಲ.

ಆ ಹೆಸರು ನನ್ನ ಕಿವಿಗೂ ಬಿದ್ದಿತ್ತು. ತಮಾಷೆಗೆ ಎಂದುಕೊಂಡು ಸುಮ್ಮನಿದ್ದೆ.

ಬೀಳ್ಕೊಡುಗೆಯ ದಿನ ಎಲ್ಲರೂ ನನ್ನನ್ನು ಹೊಗಳಿದ ಮೇಲೆ ಎದ್ದು ನಿಂತು, ಒಣಗದ ಕಲ್ಲಿಗೆ ಸೀಲರ್ ಬಳಿಸಿದ್ದು ನಾನು, ಆಸಿಡ್ಡಿನ ಕತೆ ಕಟ್ಟಿದ್ದೂ ನಾನು ಎಂದೆ. ಆ ಹೆಸರಿಟ್ಟಿದ್ದ ಕ್ಯಾಷಿಯರ್ ತಲೆ ತಗ್ಗಿಸಿ ಕೂತರು.

ಮುಂದಿನ ಬೇಸಿಗೆಯಲ್ಲಿ ಇಕ್ಕಾ ಹಳೆಯ ಪದರ ಕಿತ್ತು, ಕಲ್ಲು ಒಣಗುವವರೆಗೆ ಕಾದು, ಮತ್ತೆ ಬಳಿದರಂತೆ. ಈಗ ಮಚ್ಚೆಯಿಲ್ಲ ಎಂದು ಅಲ್ಲಿನ ಗೆಳತಿ ಫೋನಿನಲ್ಲಿ ಹೇಳಿದಳು. ಬೀಳ್ಕೊಡುಗೆಯಲ್ಲಿ ನಿಜ ಹೇಳಿದ ನಿನ್ನ ಧೈರ್ಯ ದೊಡ್ಡದು ಎಂದೂ ಹೇಳಿದಳು. ನನಗದು ಹಿಡಿಸಲಿಲ್ಲ. ಮರುದಿನ ರೈಲು ಹತ್ತುವವಳಿಗೆ, ಇನ್ನು ಯಾರ ಕೈಗೂ ಸಿಗದವಳಿಗೆ, ನಿಜ ಹೇಳಲು ಎಷ್ಟು ಧೈರ್ಯ ಬೇಕು?